ಕೂರಿಸುವ ಕೆಲಸ

ತಿಪಟೂರಿನ ಒಂದು ಖಾಸಗಿ ಶಾಲೆಯಲ್ಲಿ ನಾನು ಬಹಳ ವರ್ಷ ಸಮಾಜ ವಿಜ್ಞಾನದ ಟೀಚರಾಗಿದ್ದೆ. ಒಳ್ಳೆಯ ಟೀಚರಾಗಿದ್ದೆ ಎಂದು ಹೇಳಿಕೊಳ್ಳಲಾರೆ. ಗಂಟಲು ಜೋರಾಗಿತ್ತು, ಮಕ್ಕಳು ಹೆದರುತ್ತಿದ್ದರು, ಫಲಿತಾಂಶ ಬರುತ್ತಿತ್ತು. ಆಡಳಿತ ಮಂಡಳಿಗೆ ಅಷ್ಟು ಸಾಕಿತ್ತು. ಅದೇ ಪಾಠ, ಅದೇ ಪ್ರಶ್ನೆ, ಅದೇ ಉತ್ತರ. ಕೊನೆಕೊನೆಗೆ ನಾನು ಪಾಠ ಮಾಡುತ್ತಲೇ ಸಂಜೆಯ ಸಾರಿಗೆ ಏನು ಹಾಕಲಿ ಎಂದು ಯೋಚಿಸುತ್ತಿದ್ದೆ, ಬಾಯಿ ಮಾತ್ರ ತನ್ನ ಪಾಡಿಗೆ ತಾನು ಆಡುತ್ತಿತ್ತು.

ಕನ್ನಡ ಮಾಧ್ಯಮಕ್ಕೆ ಮಕ್ಕಳು ಬರುವುದು ನಿಂತ ಮೇಲೆ ಆ ವಿಭಾಗವನ್ನೇ ಮುಚ್ಚಿದರು. ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಿ ಒಂದು ಗೋಡೆ ಗಡಿಯಾರ ಕೊಟ್ಟರು. ಜೊತೆಯ ಟೀಚರುಗಳು ಮೂಗು ಕೆಂಪಾಗುವಂತೆ ಅತ್ತರು. ನನಗೆ ಒಂದು ಹನಿ ಬರಲಿಲ್ಲ. ಮನೆಗೆ ಬರುವ ಬಸ್ಸಿನಲ್ಲಿ ಗಡಿಯಾರವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಾಗ ಕೆಲಸ ಹೋಯಿತೆಂಬ ದುಃಖವಲ್ಲ, ಬೇರೆಯೇ ಒಂದು ಭಯ ಹಿಡಿಯಿತು. ಇಷ್ಟು ವರ್ಷ ಮಾಡಿದ್ದು ಕೈಬಿಟ್ಟು ಹೋದರೂ ಏನೂ ಅನ್ನಿಸದಿದ್ದರೆ, ನಾನು ಇಷ್ಟು ವರ್ಷ ಎಲ್ಲಿದ್ದೆ? 

ನಮ್ಮ ಮನೆ ಹಾಲ್ಕುರಿಕೆ ರಸ್ತೆಯಲ್ಲಿ, ತೋಟದ ಅಂಚಿನಲ್ಲಿ. ನನ್ನ ಗಂಡ ಪೇಟೆಯಲ್ಲಿ ಬೋರ್‌ವೆಲ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದಾರೆ. ಮಾತು ಕಡಿಮೆ. 'ಟೀಚರ್ ಯಜಮಾನ್ರು' ಎಂದು ಯಾರಾದರೂ ಕರೆದರೆ ಮಾತ್ರ ಒಳಗೊಳಗೇ ಖುಷಿಪಡುತ್ತಿದ್ದರು. ಶಾಲೆ ಬಿಟ್ಟ ಮೇಲೆ ಟ್ಯೂಷನ್ ಶುರುಮಾಡು ಎಂದರು. ಒಲ್ಲೆ ಎಂದೆ. ಮತ್ತೆ ಏನು ಮಾಡುತ್ತೀಯ ಎಂದರು. ಗೊತ್ತಿಲ್ಲ ಎಂದೆ. ಆ ಉತ್ತರ ಅವರಿಗೆ ಬೇಸರ ತಂದಿತು, ನನಗೂ.

ಅಷ್ಟರಲ್ಲಿ ಅತ್ತೆಗೆ ಲಕ್ವ ಹೊಡೆಯಿತು. ಹಸುವಿಗೆ ಹುಲ್ಲು ಹಾಕಲು ಹೋದವರು ಕೊಟ್ಟಿಗೆಯಲ್ಲೇ ಬಿದ್ದರು. ಬಲಗಡೆ ಪೂರ್ತಿ ಹೋಯಿತು, ಮಾತು ತೊದಲಿತು. ನನಗೂ ಅವರಿಗೂ ಮದುವೆಯಾದ ಹೊಸದರಿಂದಲೂ ಸರಿಯಿರಲಿಲ್ಲ. ಸೌದೆ ಒಟ್ಟುವುದರಿಂದ ಹಿಡಿದು ಹೆರಳು ಹಾಕುವುದರವರೆಗೆ ನಾನು ಮಾಡಿದ್ದು ಯಾವುದೂ ಅವರಿಗೆ ಹಿಡಿಸುತ್ತಿರಲಿಲ್ಲ. ಈಗ ಅವರನ್ನು ನೋಡಿಕೊಳ್ಳಲು ಮನೆಯಲ್ಲಿ ನಾನೊಬ್ಬಳೇ ಇದ್ದೆ.

ಪೇಟೆಯಿಂದ ಫಿಸಿಯೋಥೆರಪಿಯ ಹುಡುಗಿಯೊಬ್ಬಳು ಕೆಲವು ದಿನ ಬಂದು ನನಗೆ ಕಲಿಸಿಕೊಟ್ಟಳು. ಮಲಗಿದವರನ್ನು ಕೈ ಹಿಡಿದು ಜಗ್ಗಬಾರದು, ಹೆಗಲಿನ ಮೂಳೆಯ ಹಿಂದೆ ಅಂಗೈ ತೂರಿಸಬೇಕು. ಮೊದಲು ಪಕ್ಕಕ್ಕೆ ಹೊರಳಿಸಿ, ಕಾಲುಗಳನ್ನು ಮಂಚದಿಂದ ಇಳಿಬಿಟ್ಟು, ಆಮೇಲೆ ಎತ್ತಬೇಕು. ಎತ್ತುವಾಗ ನಮ್ಮ ಮಂಡಿ ಅವರ ಮಂಡಿಗೆ ತಾಗಿರಬೇಕು. ನಾನು ಕಲಿತೆ. ಕಲಿಯುತ್ತಾ ಒಂದು ವಿಚಿತ್ರ ಗಮನಿಸಿದೆ. ಆ ಹೊತ್ತಿನಲ್ಲಿ ನನಗೆ ಸಂಜೆಯ ಸಾರು ನೆನಪಾಗುತ್ತಿರಲಿಲ್ಲ. ನನ್ನ ಪೂರ್ತಿ ಬುದ್ಧಿ ಅಂಗೈಗೆ ಬಂದು ಕೂತಿರುತ್ತಿತ್ತು.

ಅತ್ತೆ ಮೊದಲ ಸಲ ಮಂಚದ ಅಂಚಿನಲ್ಲಿ ನೆಟ್ಟಗೆ ಕೂತ ದಿನ ಕಿಟಕಿಯಾಚೆ ತೆಂಗಿನ ತೋಟದ ಕಡೆ ನೋಡಿದರು. ಸೊಟ್ಟ ಬಾಯಲ್ಲೇ ತಡವರಿಸುತ್ತಾ ಹೇಳಿದರು:

"ಆ ಗರಿ ಯಾಕೆ ಅಲ್ಲೇ ಬಿದ್ದೈತೆ? ಎತ್ತಾಕಕ್ಕೆ ಕೈಯಿಲ್ವಾ ನಿಂಗೆ?"

ನಾನು ನಕ್ಕೆ, ಆಮೇಲೆ ಅಳುವೂ ಬಂತು. ಬೀಳ್ಕೊಡುಗೆಯಲ್ಲಿ ಬರದ ಅಳು ಅದು. ಮಲಗಿದ್ದಷ್ಟು ದಿನ ಅವರು ನನ್ನ ಪಾಲಿಗೆ ಒಂದು ಕಾಯಿಲೆಯಾಗಿದ್ದರು. ಕೂತ ಕೂಡಲೇ ಮತ್ತೆ ನನ್ನ ಅತ್ತೆಯಾದರು, ಅದೇ ಬಾಯಿ, ಅದೇ ಅಧಿಕಾರ. ಮಲಗಿದವರಿಗೆ ಕಾಣುವುದು ಸೂರು ಮಾತ್ರ. ಕೂತವರಿಗೆ ಮನೆ ಕಾಣುತ್ತದೆ, ಬೈಯಲು ಜನ ಕಾಣುತ್ತಾರೆ. ನನಗೆ ಬೇಕಾದ ಕೆಲಸ ಇದೇ ಎಂದು ನನಗೆ ಅವತ್ತೇ ಗೊತ್ತಾಯಿತು.

ಅತ್ತೆ ಹಾಗೆ ಬೈದುಕೊಂಡೇ ಇನ್ನಷ್ಟು ಕಾಲ ಬದುಕಿ ಹೋದರು. ಆಮೇಲೆ ನಾನು ತುಮಕೂರಿಗೆ ಹೋಗಿ ರೋಗಿಗಳ ಆರೈಕೆಯ ತರಬೇತಿ ಪಡೆದು ಬಂದೆ. ನನ್ನ ಅರ್ಧ ವಯಸ್ಸಿನ ಹುಡುಗಿಯರ ಜೊತೆ ಬೆಂಚಿನಲ್ಲಿ ಕೂತು ಪಾಠ ಕೇಳಲು ನಾಚಿಕೆಯೇನೂ ಆಗಲಿಲ್ಲ. ಸ್ಕೂಟಿ ಮೇಲೆ ಬಿಳಿಗೆರೆ ಕಡೆಗೆ, ತುರುವೇಕೆರೆ ಕಡೆಗೆ, ಕರೆದ ಕಡೆಗೆಲ್ಲ ಹೋಗುತ್ತಿದ್ದೆ. ಕಾಯಿ ಕೀಳುವಾಗ ಮರದಿಂದ ಬಿದ್ದು ಸೊಂಟ ಹೋದವರು, ಲಕ್ವ ಹೊಡೆದವರು, ಸುಮ್ಮನೆ ಮುಪ್ಪಿನಿಂದ ಹಾಸಿಗೆ ಹಿಡಿದವರು. ಬೆಳಿಗ್ಗೆ ಹೋಗಿ ಮೈ ಒರೆಸಿ, ಬೆನ್ನಿಗೆ ಪೌಡರ್ ಹಾಕಿ, ಎಬ್ಬಿಸಿ ಕೂರಿಸಿ ಬರುವುದು. ಎಲ್ಲರೂ 'ಟೀಚ್ರೆ' ಎಂದೇ ಕರೆಯುತ್ತಿದ್ದರು. ಆ ಒಂದಷ್ಟು ಕಾಲ ನಾನು ಸುಖವಾಗಿದ್ದೆ. ಹೀಗೆ ಬರೆಯುವಾಗಲೂ ಹೊಟ್ಟೆಕಿಚ್ಚಾಗುತ್ತದೆ, ಆಗಿನ ನನ್ನ ಮೇಲೆಯೇ.

ಸಂಪಿಗೆ ಊರಿನ ಹತ್ತಿರದ ಒಂದು ಮನೆಯಲ್ಲಿ ನಾನು ದಿನಾ ಕೂರಿಸುತ್ತಿದ್ದ ಅಜ್ಜಿ ಒಂದು ಬೆಳಿಗ್ಗೆ ಪ್ರಾಣ ಬಿಟ್ಟಿದ್ದರು. ನಾನು ಹೋಗುವ ಹೊತ್ತಿಗೆ ಮನೆಯಲ್ಲಿ ಗಲಾಟೆ. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ಸೆಟೆದುಕೊಳ್ಳುವ ಮೊದಲೇ ಬೆಂಚಿನ ಮೇಲೆ ಗೋಡೆಗೆ ಒರಗಿಸಿ ಕೂರಿಸಿ, ಜಾರದಂತೆ ಬಟ್ಟೆಯಿಂದ ಕಟ್ಟಿ, ವಿಭೂತಿ ಹಚ್ಚಿ, ಹಾರ ಹಾಕುತ್ತೇವೆ. ಮಣ್ಣಿಗೆ ಒಯ್ಯುವುದೂ ಕೂರಿಸಿಯೇ. ಅದನ್ನು ಬಲ್ಲ ಹಿರಿಯರು ಅವತ್ತು ಯಾವುದೋ ಮದುವೆಗೆ ಹೋಗಿದ್ದರು. ಮಕ್ಕಳು ಕೂರಿಸಲು ಹೋಗಿ ಅಜ್ಜಿಯ ದೇಹ ಬೆಂಚಿನಿಂದ ಎರಡು ಸಲ ಜಾರಿತ್ತು. ಮಗಳು ನನ್ನ ಕೈ ಹಿಡಿದುಕೊಂಡಳು.

"ದಿನಾ ಕೂರಿಸ್ತಿದ್ರಲ್ಲ ಟೀಚ್ರೆ, ಇವತ್ತೊಂದ್ ದಿನ ಕೂರ್ಸಿ."

ಹೇಗೆ ಆಗುವುದಿಲ್ಲ ಎನ್ನಲಿ? ಕೂರಿಸಿದೆ. ನೋಡಲು ಬಂದವರೆಲ್ಲ ಜೀವ ಇದ್ದಂಗೇ ಕುಂತವ್ರೆ ಎಂದರು. ಅದೇ ನನಗೆ ಮುಳುವಾಯಿತು. ಮುಂದಿನ ವಾರ ಬೇರೆ ಊರಿನಿಂದ ಸಾವಿನ ಮನೆಯ ಕರೆ ಬಂತು. ಅದಾದ ಮೇಲೆ ಇನ್ನೊಂದು. ಸತ್ತ ಮನೆಯವರು ಗೋಗರೆದರೆ ಇಲ್ಲವೆನ್ನುವ ಗಟ್ಟಿ ಎದೆ ನನಗಿಲ್ಲ. ಅತ್ತ ಅವರು ಕರೆದ ಹಾಗೆಲ್ಲ ಇತ್ತ ಬದುಕಿರುವವರ ಮನೆಯ ಬಾಗಿಲುಗಳು ಮುಚ್ಚಿದವು. ನಾಳೆಯಿಂದ ಬೇಡ, ನೆಂಟರು ಬಂದಿದ್ದಾರೆ, ಮಗಳೇ ನೋಡಿಕೊಳ್ಳುತ್ತಾಳೆ, ಒಂದೊಂದು ಮನೆಯಿಂದ ಒಂದೊಂದು ನೆಪ. ಒಬ್ಬ ಹೆಂಗಸು ಮಾತ್ರ ಗೇಟಿನಲ್ಲೇ ನಿಲ್ಲಿಸಿ ನಿಜ ಹೇಳಿದಳು.

"ತಪ್ಪು ತಿಳ್ಕೋಬ್ಯಾಡಿ ಕಣ್ರೀ. ನಮ್ಮನೆಯವ್ರು ನಿಮ್ಮ ಗಾಡಿ ಸದ್ದು ಕೇಳಿದ್ರೆ ಬೆವರ್ತಾರೆ."

ಗಂಡ ಒಂದು ಸಂಜೆ ಊಟದ ತಟ್ಟೆಯ ಮುಂದೆ ಕೂತು, "ಅಂಗಡೀಲಿ ನಿನ್ನ ಏನಂತ ಕರೀತಾರೆ ಗೊತ್ತಾ?" ಎಂದರು. ಗೊತ್ತು ಎಂದೆ. ಹೆಣ ಕೂರಿಸೋಳು. "ಟ್ಯೂಷನ್ನಾದ್ರೂ ಮಾಡು," ಎಂದರು. ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಸಿಟ್ಟು ಅವರ ಮೇಲಿರಲಿಲ್ಲ. ಬದುಕಿನಲ್ಲಿ ಮೊದಲ ಸಲ ಸಿಕ್ಕಿದ್ದ ನನ್ನದೇ ಕೆಲಸವನ್ನು ಊರು ನನ್ನ ಕಣ್ಣೆದುರೇ ಬೇರೆ ಕೆಲಸವನ್ನಾಗಿ ಮಾಡುತ್ತಿತ್ತು. ನಾನು ಯಾರ ಜೊತೆ ಜಗಳವಾಡಬೇಕು?

ಕೊನೆಗೆ ಉಳಿದದ್ದು ಬಿಳಿಗೆರೆಯ ಒಬ್ಬ ಯಜಮಾನರು. ತೆಂಗಿನ ತೋಟದ ದೊಡ್ಡ ಕುಳ, ಬಲಗಡೆಗೆ ಲಕ್ವ ಹೊಡೆದು ಮಲಗಿದ್ದರು. ಕೊಬ್ಬರಿಗೆಂದು ಕಾಯಿ ಒಣಗಲು ಹಾಕಿದ ಅಟ್ಟದ ಕೆಳಗಿನ ಕೋಣೆ ಅವರದು. ಮೇಲೆ ಇಲಿ ಓಡಾಡಿ ಕಾಯಿ ಉರುಳಿದರೆ ಇಲ್ಲಿಂದಲೇ ಅದಕ್ಕೆ ಬೈಯುತ್ತಿದ್ದರು. ಬೆನ್ನಿನಲ್ಲಿ ಹುಣ್ಣು ಶುರುವಾಗಿತ್ತು. ಹೀಗೇ ಮಲಗಿದ್ದರೆ ಉಳಿಯುವುದಿಲ್ಲ, ಕೂರಿಸಲೇಬೇಕು ಎಂದು ಡಾಕ್ಟರು ಹೇಳಿದ್ದರು. ಅವರು ಮಾತ್ರ ಜಪ್ಪಯ್ಯ ಎಂದರೂ ಒಪ್ಪುತ್ತಿರಲಿಲ್ಲ.

"ಇನ್ನೊಬ್ರು ಕೂರ್ಸೋದು ಸತ್ತೋರ್ನ ಕಣವ್ವ. ಸತ್ತ ಮ್ಯಾಕೆ ಕೂರ್ಸೀವಂತೆ, ಈಗ ನಡಿ."

ಬೆನ್ನು ಒರೆಸಲು ಮಾತ್ರ ಬಿಡುತ್ತಿದ್ದರು. ನಾನು ದಿನಾ ಹೋಗುತ್ತಿದ್ದೆ. ಇವರೊಬ್ಬರು ಎದ್ದು ಕೂತರೆ ಸಾಕು ಎಂದುಕೊಂಡಿದ್ದೆ. ಊರಿಗೆ ಗೊತ್ತಿರುವ ಮನುಷ್ಯ. ನಾನು ಬದುಕಿರುವವರನ್ನೂ ಕೂರಿಸುತ್ತೇನೆ ಎಂದು ಜನ ಕಣ್ಣಾರೆ ನೋಡುತ್ತಾರೆ. ಇವರು ಕೂರದಿದ್ದರೆ ನನ್ನ ಈ ಕೆಲಸ ಮುಗಿದ ಹಾಗೆ.

ದಾರಿ ಸಿಕ್ಕಿದ್ದು ಅವರ ಇಷ್ಟಲಿಂಗದಿಂದ. ದಿನಾ ಬೆಳಿಗ್ಗೆ ಸೊಸೆ ಅವರ ಎಡಗೈ ಎತ್ತಿ ಹಿಡಿದು, ಅಂಗೈಯಲ್ಲಿ ಲಿಂಗ ಇಟ್ಟು, ತಾನೇ ನೀರು ಹಾಕಿ ಪತ್ರೆ ಇಡುತ್ತಿದ್ದಳು. ಮಲಗಿದಲ್ಲೇ ಪೂಜೆ. ನೀರು ಕಂಕುಳಿಗೆ ಹರಿಯುತ್ತಿತ್ತು. ಒಂದು ದಿನ ಅವರು ಮುಖ ಗೋಡೆಗೆ ತಿರುಗಿಸಿಕೊಂಡು, "ಇದೂ ಒಂದು ಪೂಜೇನಾ? ಥೂ," ಎಂದರು. ನನಗೆ ಸಿಟ್ಟು ಬಂತು.

"ಕೂತ್ಕೊಂಡು ಮಾಡಿ ಮತ್ತೆ. ಬೇಡ ಅಂತ ದೇವರು ಹೇಳಿದ್ನಾ, ನೀವೇ ಹೇಳಿದ್ರಾ?"

ಸೊಸೆ ಬೆದರಿ ನನ್ನ ಸೆರಗು ಎಳೆದಳು. ಮರುದಿನ ನಾನು ಕೋಣೆಗೆ ಕಾಲಿಡುತ್ತಲೇ ಯಜಮಾನರು, "ಎತ್ತು," ಎಂದರು.

ಒಂದೇ ದಿನಕ್ಕೆ ಆಗಲಿಲ್ಲ. ಮೊದಲು ದಿಂಬು ಒರಗಿಸಿ, ಆಮೇಲೆ ಮಂಚದ ಅಂಚಿಗೆ, ಆಮೇಲೆ ಕೈಯಿರುವ ಕುರ್ಚಿಗೆ. ತಲೆ ಸುತ್ತಿತು, ವಾಂತಿಯಾಯಿತು, ನನಗೆ ಬಾಯಿಗೆ ಬಂದಂತೆ ಬೈದರು. ಕೊನೆಗೆ ಕುರ್ಚಿಯಲ್ಲಿ ಕೂತು, ಎಡ ಅಂಗೈಯ ಲಿಂಗವನ್ನು ಕಣ್ಣಿನ ಮಟ್ಟಕ್ಕೆ ತಂದುಕೊಂಡರು. ಸೊಸೆ ಪತ್ರೆ ಇಟ್ಟಳು. ಅವರು ಅದನ್ನೇ ನೋಡುತ್ತಾ ಬಹಳ ಹೊತ್ತು ಇದ್ದುಬಿಟ್ಟರು. ನನಗೆ ಹೊಟ್ಟೆಗೆ ಹಾಲು ಹುಯ್ದಂತಾಯಿತು. ಬೆನ್ನಿನ ಹುಣ್ಣು ಒಣಗತೊಡಗಿತು. ಬೈಗುಳವೂ ಹೆಚ್ಚಾಯಿತು, ಅದು ಒಳ್ಳೆಯ ಲಕ್ಷಣ.

ಒಂದು ಸೋಮವಾರ ಪೂಜೆ ಮುಗಿದ ಮೇಲೆ ತಾವಾಗಿಯೇ ಕೇಳಿದರು. "ಜಗಲಿಗೆ ಹಾಕ್ತೀಯಾ? ತೋಟ ನೋಡ್ಬೇಕು."

ಮಗನೂ ನಾನೂ ಕುರ್ಚಿ ಸಮೇತ ಎತ್ತಿ ಜಗಲಿಗೆ ತಂದೆವು. ಗೋಡೆಗೆ ಒರಗಿಸಿದೆ. ಮುಂದಕ್ಕೆ ವಾಲದಂತೆ ಎದೆಯ ಸುತ್ತ ಒಂದು ಪಂಚೆ ಬಳಸಿ ಕುರ್ಚಿಯ ಬೆನ್ನಿಗೆ ಕಟ್ಟಿದೆ. ಕತ್ತಿನ ಹಿಂದೆ ಟವೆಲ್ ಸುತ್ತಿ ಇಟ್ಟೆ. ಹಣೆಯ ಮೇಲೆ, ತೋಳಿನ ಮೇಲೆ ಪೂಜೆಯ ವಿಭೂತಿ ಹಾಗೇ ಇತ್ತು. ಸೊಸೆ ಸಂಭ್ರಮದಲ್ಲಿ ಪೂಜೆಯ ಹೂವನ್ನು ಕಿವಿಗೆ ಸಿಕ್ಕಿಸಿದಳು. ಬಿಸಿಲು ಹದವಾಗಿತ್ತು. ಮಗ ಪೇಟೆಗೆ ಹೊರಟ. ಯಜಮಾನರು ತೋಟ ನೋಡುತ್ತಾ ನೋಡುತ್ತಾ ಕಣ್ಣು ಮುಚ್ಚಿದರು. ಬಾಯಿ ಸ್ವಲ್ಪ ತೆರೆದುಕೊಂಡಿತು. ಅವರ ಹಾಸಿಗೆ ಬದಲಾಯಿಸಲು ಸೊಸೆಯೂ ನಾನೂ ಒಳಗೆ ಹೋದೆವು.

ಹಾಸಿಗೆ ಕೊಡವುತ್ತಿದ್ದಾಗ ಹೊರಗೆ ಗೋಳಾಟ ಕೇಳಿತು. ಓಡಿ ಬಂದರೆ ನೆರೆಮನೆಯ ಹೆಂಗಸು ಜಗಲಿಯ ಕೆಳಗೆ ಕೂತು, ಅವರ ಗುಣಗಳನ್ನೆಲ್ಲ ಹಾಡಿಕೊಂಡು ಅಳುತ್ತಿದ್ದಳು. ಅವಳಿಗೆ ಬೇರೇನು ತೋಚಬೇಕು? ಗೋಡೆಗೆ ಒರಗಿ, ಎದೆಗೆ ಬಟ್ಟೆ ಕಟ್ಟಿಸಿಕೊಂಡು, ವಿಭೂತಿ ಹಚ್ಚಿಕೊಂಡು ಬಾಯಿ ತೆರೆದು ಕೂತ ಲಿಂಗಾಯತರ ಯಜಮಾನರು. ಪಕ್ಕದಲ್ಲಿ ನನ್ನ ಸ್ಕೂಟಿ. ಇಲ್ಲ ಕಣಮ್ಮ, ಬದುಕಿದ್ದಾರೆ ಎಂದು ನಾನು ಕೂಗುವಷ್ಟರಲ್ಲಿ ಬೀದಿಯಿಂದ ಜನ ಬಂದು ತುಂಬಿದ್ದರು. ನನ್ನ ಮಾತು ಯಾರ ಕಿವಿಗೂ ಬೀಳಲಿಲ್ಲ.

ಆ ಜನವನ್ನು ತಳ್ಳಿಕೊಂಡು ಬಂದವರು ಯಜಮಾನರ ತಮ್ಮ. ಅವರ ತೋಟ ಬೇಲಿಯಾಚೆಗೇ. ಬೋರ್‌ವೆಲ್ ನೀರಿನ ಸರದಿಗಾಗಿ ಜಗಳವಾಗಿ ಅಣ್ಣತಮ್ಮಂದಿರು ಮಾತು ಬಿಟ್ಟು ವರ್ಷಗಳಾಗಿದ್ದವು. ಲಕ್ವ ಹೊಡೆದು ಮಲಗಿದಾಗಲೂ ತಮ್ಮ ಈ ಹೊಸಿಲು ತುಳಿದಿರಲಿಲ್ಲ. ಈಗ ನೀರು ಕಟ್ಟುತ್ತಿದ್ದವರು ಕೆಸರುಗಾಲಲ್ಲೇ ಓಡಿ ಬಂದಿದ್ದರು. "ಅಣ್ಣಯ್ಯಾ, ಅಣ್ಣಯ್ಯಾ," ಎನ್ನುತ್ತಾ ಅಣ್ಣನ ಕಾಲುಗಳನ್ನು ತಬ್ಬಿಕೊಂಡು, ಮಂಡಿಯ ಮೇಲೆ ಮುಖ ಇಟ್ಟು, ಚಿಕ್ಕ ಮಗುವಿನಂತೆ ಬಿಕ್ಕಿದರು.

ಯಜಮಾನರು ಕಣ್ಣು ತೆರೆದರು. ಸರಿಯಿದ್ದ ಎಡಗೈಯನ್ನು ನಿಧಾನವಾಗಿ ಎತ್ತಿ ತಮ್ಮನ ತಲೆಯ ಮೇಲೆ ಇಟ್ಟರು.

"ಬಂದ್ಯೇನ್ಲಾ?"

ತಮ್ಮ ಬೆಂಕಿ ತಾಗಿದವರಂತೆ ಹಿಂದಕ್ಕೆ ಸರಿದರು. ಗುಂಪಿನಲ್ಲಿ ಯಾರೋ ಕಿರುಚಿದರು, ಯಾರೋ ನಕ್ಕರು. ಆ ನಗು ಆಗಬಾರದಿತ್ತು. ತಮ್ಮನಾದವರು ಸುತ್ತಲೂ ನೋಡಿದರು, ಕಟ್ಟಿದ ಪಂಚೆ ನೋಡಿದರು, ನನ್ನನ್ನು ನೋಡಿದರು. ಅವರ ಮುಖ ಕಪ್ಪಿಟ್ಟಿತು.

"ನಾಟ್ಕ ಆಡ್ಸಿ ನನ್ನ ಕರೆಸ್ಕಂಡ್ರಾ? ಎಲ್ರ ಮುಂದೆ ಇವ್ನ ಕಾಲಿಗೆ ನನ್ನ ಬೀಳ್ಸಕ್ಕೆ?"

ನಾನು ಅಡ್ಡ ನಿಂತು ವಿವರಿಸಲು ಹೋದೆ. ಅವರು ಟವೆಲಿನಿಂದ ಮುಖ ಒರೆಸಿಕೊಂಡು, ಜಗಲಿ ಇಳಿದು, ಹಿಂದೆ ನೋಡದೆ ಹೋದರು. ಜನರೂ ಮುಜುಗರದಿಂದ ಒಬ್ಬೊಬ್ಬರೇ ಕರಗಿದರು. ಯಜಮಾನರು ಬೇಲಿಯ ಕಡೆಗೇ ನೋಡುತ್ತಿದ್ದರು.

"ನಾನ್ ಸತ್ತಿದ್ರೆ ನಿಂತ್ಕಂತಿದ್ದ," ಎಂದರು. ಆಮೇಲೆ, "ಒಳಕ್ ಹಾಕವ್ವ."

ಅವರು ಮತ್ತೆ ಕೂರಲಿಲ್ಲ. ನಾನು ರೇಗಿದೆ, ಬೇಡಿಕೊಂಡೆ, ಪೂಜೆಯ ನೆಪ ಹೇಳಿದೆ. "ಆಯ್ತಲ್ಲ, ಕುಂತು ನೋಡಿದ್ದಾಯ್ತು, ಬುಡು," ಎನ್ನುತ್ತಿದ್ದರು. ದನಿಯಲ್ಲಿ ಸಿಟ್ಟೇ ಇರಲಿಲ್ಲ. ಅಟ್ಟದ ಇಲಿಗಳಿಗೆ ಬೈಯುವುದನ್ನೂ ಬಿಟ್ಟರು. ಹುಣ್ಣು ಮತ್ತೆ ಬಾಯಿ ತೆರೆಯಿತು, ಈ ಸಲ ಆಳವಾಗಿ. ದೀಪಾವಳಿಗೆ ಮುಂಚೆ ಹೋದರು.

ಮಗ ಫೋನ್ ಮಾಡಿದ. "ಟೀಚ್ರೇ ಕೂರಿಸ್ಬೇಕು ಅಂತ ಅಪ್ಪಾರು ಮೊದ್ಲೇ ಹೇಳಿದ್ರು," ಎಂದ. ನನಗೆ ದುಃಖಕ್ಕಿಂತ ಮೊದಲು ಕೋಪ ಬಂತು. ಉಸಿರಿದ್ದಾಗ ಬೇಡವಾದ ಕೈ ಉಸಿರು ಹೋದ ಮೇಲೆ ಬೇಕಾಯಿತೇ? ಆ ಕೋಪದಲ್ಲೇ ಗಾಡಿ ಹತ್ತಿದೆ. ಬಿಳಿಗೆರೆ ಬರುವ ಹೊತ್ತಿಗೆ ಕೋಪ ಹೋಗಿ ಕಣ್ಣಿನಲ್ಲಿ ನೀರು ನಿಂತು ದಾರಿ ಕಾಣದಾಗಿತ್ತು.

ಅವರ ತಮ್ಮ ನನಗಿಂತ ಮೊದಲೇ ಬಂದಿದ್ದರು. ನನ್ನ ಮುಖ ನೋಡಲಿಲ್ಲ. ನಾನು ಹೆಗಲಿನ ಹಿಂದೆ ಅಂಗೈ ತೂರಿಸಿದಾಗ ಇನ್ನೊಂದು ಕಡೆಯಿಂದ ಬೆನ್ನು ಹಿಡಿದರು. ಇಬ್ಬರೂ ಸೇರಿ ಕೂರಿಸಿದೆವು. ಬೆನ್ನಿನ ಗಾಯದ ಮೇಲೆ ನನ್ನ ಬೆರಳು ತಾಗಿದಾಗ, ನೋಯುತ್ತದೆಂದು ನಾನು ಕೈ ಹಿಂತೆಗೆದೆ. ನೋಯುವುದಿಲ್ಲ ಎಂದು ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ತಮ್ಮನಾದವರು ಬೆಂಚಿನ ಪಕ್ಕದಲ್ಲೇ ಕೂತರು. ಮಣ್ಣಿಗೆ ಒಯ್ಯುವವರೆಗೂ ಅಲ್ಲಿಂದ ಅಲುಗಲಿಲ್ಲ.

ಮಣ್ಣಾದ ಮೇಲೆ ನಾನು ಗಾಡಿ ತೆಗೆಯುತ್ತಿದ್ದಾಗ ಪಕ್ಕದ ಊರಿನವರೊಬ್ಬರು ಹತ್ತಿರ ಬಂದರು. ನಡುವಯಸ್ಸು, ಮರ್ಯಾದಸ್ಥರು.

"ಬೋ ಚೆನ್ನಾಗಿ ಕೂರಿಸಿದ್ರಿ ಕಣ್ರೀ. ನಿಮ್ಮ ನಂಬರ್ ಕೊಡಿ. ನಮ್ಮವ್ವನೂ ಮಲಗ್ಬುಟ್ಟವ್ರೆ."

"ನಾಳೇನೇ ಬರ್ತೀನಿ," ಎಂದೆ. "ಬೆನ್ನು ಹುಣ್ಣಾಗೋಕೆ ಮುಂಚೆ ಎಬ್ಬಿಸಿ ಕೂರಿಸಬೇಕು."

ಅವರು ಕಸಿವಿಸಿಯಿಂದ ನೆಲ ನೋಡಿದರು. "ಈಗ್ ಬ್ಯಾಡಿ. ಟೈಮ್ ಬಂದಾಗ ಫೋನ್ ಮಾಡ್ತೀನಿ."

ಮನೆಗೆ ಬಂದು ಸ್ನಾನ ಮಾಡಿದೆ. ಗಂಡ ಕಾಫಿ ತಂದುಕೊಟ್ಟರು. ಅದನ್ನು ಕುಡಿಯುತ್ತಾ ಟ್ಯೂಷನ್ ಬಗ್ಗೆ ಯೋಚಿಸಿದೆ. ನಿಜವಾಗಿಯೂ ಯೋಚಿಸಿದೆ. ಯಾವ ಕೋಣೆ, ಎಷ್ಟು ಚಾಪೆ, ಯಾವ ತರಗತಿಯ ಮಕ್ಕಳು ಎಂದೆಲ್ಲ. ಆದರೆ ನಂಬರ್ ಕೇಳಿದವರ ತಾಯಿ ಈಗ ಸೂರು ನೋಡುತ್ತಾ ಮಲಗಿರುತ್ತಾರೆ ಎಂಬುದು ಬಿಟ್ಟರೆ ಬೇರೆ ಏನೂ ತಲೆಯಲ್ಲಿ ನಿಲ್ಲಲಿಲ್ಲ.

ಬೆಳಿಗ್ಗೆ ಯಾರೂ ಕರೆಯದಿದ್ದರೂ ಗಾಡಿ ತೆಗೆದು ಆ ಊರಿಗೆ ಹೋದೆ. ಅವರ ಮನೆ ಕೇಳಿಕೊಂಡು ಹೋಗಿ ಬಾಗಿಲು ತಟ್ಟಿದೆ. ತೆಗೆದವಳು ಅವರ ಮಗಳಿರಬೇಕು, ಕೈಯೆಲ್ಲ ರಾಗಿ ಹಿಟ್ಟಾಗಿತ್ತು. ನನ್ನನ್ನು ನೋಡಿದಳು, ನನ್ನ ಚೀಲ ನೋಡಿದಳು. ಯಾರೆಂದು ಕೇಳಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ಅಲ್ಲೇ ಕುಸಿದು ಅಳತೊಡಗಿದಳು.

"ಯಾರೇ ಅದು?" ಎಂದು ಒಳಗಿನಿಂದ ಮುದುಕಿಯ ದನಿ ಕೇಳಿತು. "ಯಾಕೇ ಅಳ್ತಿದ್ದೀಯಾ?"

ನಾನು ಚಪ್ಪಲಿ ಬಿಟ್ಟು, ಅವಳ ಪಕ್ಕದಿಂದ ದಾಟಿಕೊಂಡು ಒಳಗೆ ಹೋದೆ.